ಬಸವಣ್ಣನ ಮೊಣಕಾಲು ಮತ್ತು ನಲವತ್ತೊಂಬತ್ತು ರೂಪಾಯಿ

ಎಡವಟ್ಟು ಶುರುವಾದದ್ದು ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ಮೂರು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳುತ್ತಿರುವುದಕ್ಕೆ ನನ್ನ ಜ್ಞಾಪಕಶಕ್ತಿ ಕಾರಣವೆಂದು ದಯವಿಟ್ಟು ತಿಳಿಯಬೇಡಿ. ಒಲೆಯ ಮೇಲೆ ಹಾಲಿಟ್ಟದ್ದು ನನಗೆ ನೆನಪಾಗುವುದೇ ಸೀದ ವಾಸನೆ ಬಂದ ಮೇಲೆ. ಆ ಗಳಿಗೆಯನ್ನು ಕಾಪಿಟ್ಟುಕೊಂಡಿರುವುದು ನನ್ನ ಫೋನು. ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಅದು ಇವತ್ತಿಗೂ ಹೇಳುತ್ತದೆ: ‘ನೀವು ಈ ಗುಂಪಿನಿಂದ ಹೊರಬಂದಿದ್ದೀರಿ.’ ಪಕ್ಕದಲ್ಲೇ ಸಮಯ, ಪಂಚನಾಮೆಯಲ್ಲಿ ಬರೆದ ಹಾಗೆ.

ನಮ್ಮ ಕಡೆ ಯಾರ ಮನೆಯಿಂದಲಾದರೂ ಎದ್ದು ಹೊರಡುವುದು ಅಷ್ಟು ಸುಲಭದ ಕೆಲಸವಲ್ಲ. ‘ಬರ್ತೇವ್ರಿ’ ಎಂದು ಚಾಪೆಯಿಂದ ಏಳುವುದು ಮೊದಲನೆಯ ಹಂತ. ಅಲ್ಲಿಂದ ಹೊಸ್ತಿಲವರೆಗೆ ಹತ್ತು ನಿಮಿಷ. ಹೊಸ್ತಿಲಲ್ಲಿ ನಿಂತಾಗಲೇ ಅಸಲಿ ವಿಷಯ ಶುರು: ಯಾರದೋ ಮದುವೆ, ಯಾರದೋ ಮೊಣಕಾಲು ನೋವು. ಆಮೇಲೆ ಅಂಗಳ, ಆಮೇಲೆ ಓಣಿಯ ತಿರುವು. ಕೊನೆಗೆ ಬಸ್ಸು ಹೊರಟ ಮೇಲೂ ಕಿಟಕಿಯಲ್ಲಿ ಕತ್ತು ಹಾಕಿ, ‘ಉಪ್ಪಿನಕಾಯಿ ಡಬ್ಬಿ ಮರತ್ರಿ’ ಎಂದು ಕೂಗುವುದು. ಹೊರಡುವುದೆಂದರೆ ಹೀಗೆ ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳುವುದು. ಫೋನಿನಲ್ಲಿ ಹಾಗಲ್ಲ. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಮುಗಿಯಿತು. ಮೂರು ವರ್ಷದ ಬಳಕೆಯ ಮನೆಯಿಂದ ನೀವು ಆಚೆ. ಮರೆತ ಡಬ್ಬಿಯ ಬಗ್ಗೆ ಕೂಗಿ ಹೇಳುವವರು ಯಾರೂ ಇಲ್ಲ. ನಾನು ಡಬ್ಬಿ ಮರೆತು ಬಂದಿದ್ದರೆ ಚಿಂತೆಯಿರಲಿಲ್ಲ. ಅಲ್ಲಿ ಇರಬೇಕಾದ ಒಂದು ಸುದ್ದಿ ನನ್ನ ಜೊತೆ ಹೊರಗೆ ಬಂದುಬಿಟ್ಟಿತು. ಅದರ ಕಥೆಯೇ ಇದು.

ನಾನು ವಿಜ್ಞಾನದ ಶಿಕ್ಷಕಿ. ಮನೆ ಆಳಂದದಲ್ಲಿ, ಶಾಲೆ ಹಳ್ಳದ ಆಚೆಯ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ; ಅಲ್ಲಿಯ ಬಸವಣ್ಣನಿಗೆ ನನ್ನಿಂದ ಈಗಾಗಲೇ ಸಾಕಷ್ಟು ತೊಂದರೆಯಾಗಿದೆ. ಈ ಹಳ್ಳ ಬೇಸಿಗೆಯಲ್ಲಿ ನೋಡಿದರೆ ಯಾರೋ ಮಡಚಿಡಲು ಮರೆತ ಸೀರೆಯ ಹಾಗೆ ಬಿದ್ದಿರುತ್ತದೆ. ಮಳೆ ಬಂದರೆ ಮಾತ್ರ, ಅದೂ ನಮ್ಮ ತಲೆಯ ಮೇಲಲ್ಲ, ಎಲ್ಲೋ ಮೇಲ್ಗಡೆ ಮಟಕಿ ಊರಿನ ಕಡೆ ಹೊಯ್ದರೂ ಸಾಕು, ಅರ್ಧ ಗಂಟೆಯಲ್ಲಿ ಕರಿಮಣ್ಣು ಕಲಸಿಕೊಂಡು ಸೇತುವೆಯ ಮೇಲೆ ಹರಿಯುತ್ತದೆ. ಆ ನೀರಿನ ಬಣ್ಣ ಥೇಟ್ ಚಹಾದ್ದು. ಎರಡು ಇಂಚಿದೆಯೋ ನಾಲ್ಕು ಅಡಿಯಿದೆಯೋ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಇಂಥ ಹಳ್ಳಗಳು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಬೇಕಾದಷ್ಟು. ಅದಕ್ಕೇ ಹುಟ್ಟಿದ್ದು ನಮ್ಮ ಗುಂಪು, ‘ಹಾದಿ ಹ್ಯಾಂಗದ’. ಒಂದು ಪುಕ್ಕಟೆ ಆಪ್‌ನಲ್ಲಿ ಇದ್ದ ಗುಂಪು. ಟಂಟಂ ಎಂಬ ಮೂರು ಚಕ್ರದ ಗಾಡಿ ಓಡಿಸುವವರು, ಹಾಲಿನವರು, ನರ್ಸಮ್ಮಂದಿರು, ಬೀಜದ ಅಂಗಡಿಯವರು, ನಮ್ಮಂಥ ಮಾಸ್ತರರು, ಅಕ್ಕೋರುಗಳು. ನಡೆಸುತ್ತಿದ್ದವರು ಅಫಜಲಪುರದ ಸಿದ್ರಾಮಪ್ಪ ಕಾಕಾ, ನಿವೃತ್ತ ಬಸ್ ಕಂಡಕ್ಟರ್. ಅವರ ಮುಖವನ್ನು ನಾನು ನೋಡಿರಲಿಲ್ಲ, ದನಿಯನ್ನಷ್ಟೇ ಕೇಳಿದ್ದೆ. ಬರೆಯುವುದೆಂದರೆ ಅವರಿಗೆ ಬೇಸರ, ಏನಿದ್ದರೂ ಮಾತಾಡಿ ಕಳಿಸುವರು. ದಾರಿ ಸಲೀಸಾಗಿದ್ದರೆ, ‘ರೈಟ್!’ ನೀರು ಏರಿದ್ದರೆ, ‘ಹೋಲ್ಡಾನ್!’ ಬಸ್ಸು ಬಿಟ್ಟು ಆರು ವರ್ಷವಾಗಿದ್ದರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಗುಂಪಿನಲ್ಲಿ ಯಾರಾದರೂ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸಿದರೆ, ‘ಲಗೇಜು ಮ್ಯಾಲ ಹಾಕ್ರಿ, ಹಾದಿ ಬಿಡ್ರಿ’ ಎಂದು ಗದರುವರು. ಇನ್ನೊಂದು ಚಟ ಅವರದು. ಯಾರು ಏನು ಸುದ್ದಿ ಹೇಳಿದರೂ ಅದರ ಮೇಲೊಂದು ಪ್ರಶ್ನೆ. ‘ಮರ ಬಿದ್ದದ’ ಅಂದರೆ ‘ಯಾವ ಮಗ್ಗಲ?’ ‘ನೀರು ಬಂದದ’ ಅಂದರೆ ‘ಎಲ್ಲಿತನಕ?’

ಎಲ್ಲಿತನಕ ಎಂಬುದಕ್ಕೆ ಉತ್ತರಿಸುವ ಪದ್ಧತಿ ನಮ್ಮಲ್ಲಿ ಒಂದೊಂದು ಹಳ್ಳಕ್ಕೆ ಒಂದೊಂದು. ಅಫಜಲಪುರದ ಕಡೆ ಒಂದು ಕಡೆ ಬಾವಿಯ ಮೆಟ್ಟಿಲು ಎಣಿಸುತ್ತಾರೆ. ಯಡ್ರಾಮಿಯ ದಾರಿಯಲ್ಲೊಂದು ಮೋಟು ಗೋಡೆಯಿದೆ. ಯಾವುದೋ ಚುನಾವಣೆಯಲ್ಲಿ ಅದರ ಮೇಲೆ ಬರೆದ ಅಭ್ಯರ್ಥಿಯ ಹೆಸರು ಇನ್ನೂ ಅಳಿಸಿಲ್ಲ. ಅಭ್ಯರ್ಥಿ ಮುಳುಗಿದ ಎಂದರೆ ರಸ್ತೆ ಬಂದ್. ಆ ಚುನಾವಣೆಯಲ್ಲಿಯೂ ಅವನು ಮುಳುಗಿದ್ದನಂತೆ, ಅದು ಬೇರೆ ಮಾತು. ನಮ್ಮ ಹಳ್ಳಕ್ಕೆ ಬಸವಣ್ಣ. ಕಲ್ಲಿನ ಬಸವಣ್ಣ ಸಾಮಾನ್ಯವಾಗಿ ಕಾಲು ಮಡಚಿ ಕೂತಿರುತ್ತಾನಲ್ಲ, ನಮ್ಮವನು ಹಾಗಲ್ಲ, ನಿಂತಿದ್ದಾನೆ. ಸೇತುವೆ ಮುಗಿದು ರಸ್ತೆ ತಗ್ಗಿಗೆ ಇಳಿಯುವ ಜಾಗದಲ್ಲಿ, ನೀರು ಹರಿದುಹೋಗುವ ಮಗ್ಗುಲಿಗೆ, ಊರಿಗೆ ಬೆನ್ನು ಮಾಡಿ, ರಸ್ತೆಯ ಮಟ್ಟದಲ್ಲೇ. ಯಾವ ಕಾಲದಿಂದಲೋ ಜನ ಅವನ ಮೈಮೇಲೆ ನೀರನ್ನು ಓದಿದ್ದಾರೆ. ಗೊರಸಿಗೆ ನೀರು ಬಂದರೆ ಯಾರಾದರೂ ದಾಟಬಹುದು. ಮೊಣಕಾಲಿಗೆ ಬಂದರೆ ಟ್ರ್ಯಾಕ್ಟರ್ ಮಾತ್ರ. ಹೊಟ್ಟೆಗೆ ಬಂದರೆ ಯಾರೂ ಇಲ್ಲ. ಕೋಡಿಗೆ ಬಂದರೆ ಬೀಗರ ಮನೆಗೆ ಫೋನು ಮಾಡಿ, ಇವತ್ತು ನಿಮ್ಮಲ್ಲೇ ವಸ್ತಿ ಎನ್ನಬೇಕು. ಆಳಂದದಿಂದ ನಾನು ಹೊರಡುವ ಮೊದಲು ಊರಿನವರು ‘ಗೊರಸು’ ಎಂದು ಕಳಿಸುವರು. ಸಂಜೆ ನಾನು ಹೊರಡುವಾಗ ‘ಮೊಣಕಾಲು’ ಎಂದು ನಾನು ಕಳಿಸುವೆ. ಹೊರಗಿನವರು ನಮ್ಮ ಗುಂಪನ್ನು ನೋಡಿದ್ದರೆ ದನದ ಡಾಕ್ಟರುಗಳ ಸಂಘವೆಂದುಕೊಳ್ಳುತ್ತಿದ್ದರು.

ಹೀಗಿರುವಾಗ ಆ ಆಪ್‌ನವರಿಗೆ ಜ್ಞಾನೋದಯವಾಯಿತು. ದೊಡ್ಡ ಗುಂಪುಗಳು ಇನ್ನು ಮುಂದೆ ಬಿಟ್ಟಿ ಇಲ್ಲ. ಒಬ್ಬೊಬ್ಬ ಸದಸ್ಯನೂ ತಿಂಗಳಿಗೆ ನಲವತ್ತೊಂಬತ್ತು ರೂಪಾಯಿ ಕಟ್ಟಬೇಕು, ಇಲ್ಲವಾದರೆ ಸುದ್ದಿ ಕಾಣುವುದಿಲ್ಲ. ಕಾಕಾ ಅದನ್ನು ಸಾರಿದ್ದು ಅವರದೇ ಧಾಟಿಯಲ್ಲಿ: ‘ನೋಡ್ರಿ, ಇದು ನನ್ನ ಕಾನೂನಲ್ಲ, ಕಂಪನೀದು. ಟಿಕೇಟ್ ಟಿಕೇಟ್! ತಗೊಳ್ಳಾರು ತಗೋರಿ, ಇಲ್ಲದಿದ್ರ ಮುಂದಿನ ಸ್ಟಾಪಿಗೆ ಇಳೀರಿ.’

ನನಗೆ ಉರಿದುಹೋಯಿತು. ನೀರಿನ ಸುದ್ದಿಗೆ ಬೆಲೆಯೇ? ದಾಸೋಹದ ನೆಲದಲ್ಲಿ ಹುಟ್ಟಿದವಳು ನಾನು. ದಾರಿಹೋಕನಿಗೆ ದಾರಿ ತೋರಿಸಲು ಕಾಸು ಕೇಳುವುದೆಂದರೇನು? ಆ ಶುಕ್ರವಾರದ ಬಿಡುವಿನ ಪಿರಿಯಡ್ಡಿನಲ್ಲಿ ಕೂತು ನಾನು ಒಂದು ವಿದಾಯದ ಪತ್ರ ಬರೆದೆ. ಫೋನಿನಲ್ಲಿ ಅದನ್ನು ಓದಿ ಮುಗಿಸಲು ಹೆಬ್ಬೆರಳು ಏಳು ಸಲ ತಳ್ಳಬೇಕು. ಅಂಥ ಪತ್ರ. ಇವತ್ತು ನೀರಿನ ಸುದ್ದಿಗೆ ದರ ಕಟ್ಟಿದವರು ನಾಳೆ ಬಿಸಿಲಿಗೂ ಕಟ್ಟುತ್ತಾರೆ ಎಂದು ಕೊನೆಯ ಸಾಲು ಬರೆದು, ಕಳಿಸಿ, ಯಾರ ಉತ್ತರಕ್ಕೂ ಕಾಯದೆ ಹೊರಬಿದ್ದೆ. ನನ್ನ ಹಿಂದೆ ಹದಿಮೂರು ಜನ ಹೊರಬಂದರೆಂದು ಆಮೇಲೆ ತಿಳಿದು, ಒಂದು ವಾರ ನಡಿಗೆಯಲ್ಲೇ ಬದಲಾವಣೆಯಾಗಿತ್ತು. ಅದೇ ವಾರ, ‘ಗಂಟೆಗೊಮ್ಮೆ ನೀರು ಕುಡಿಯಿರಿ’ ಎಂದು ನೆನಪಿಸುವ ಇನ್ನೊಂದು ಆಪ್‌ಗೆ ನಾನು ತೊಂಬತ್ತೊಂಬತ್ತು ರೂಪಾಯಿ ಕಟ್ಟಿದ್ದೆ ಎಂಬುದನ್ನು ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು.

ಹೊರಬಂದವರು ಸುಮ್ಮನಿರುತ್ತೇವೆಯೇ? ‘ಹಾದಿ ಹ್ಯಾಂಗದ ಪುಕಟ’, ‘ಹಾದಿ ಹ್ಯಾಂಗದ ಅಸಲಿ’, ‘ನಮ್ಮ ಹಾದಿ’ ಎಂದು ವಾರದಲ್ಲಿ ಮೂರು ಗುಂಪು ಹುಟ್ಟಿದವು. ಮೂರಕ್ಕೂ ನಾನು ಸೇರಿದೆ. ಅವುಗಳಲ್ಲಿ ಎಲ್ಲವೂ ಇತ್ತು: ಗುಲಾಬಿ ಹೂ, ಸುಭಾಷಿತ, ಬೆಲ್ಲದ ಔಷಧೀಯ ಗುಣಗಳು. ಹಾದಿಯೊಂದು ಇರಲಿಲ್ಲ. ಯಾರಾದರೂ ‘ನೀರು ಬಂದದ’ ಎಂದರೆ ಹತ್ತು ಜನ ಕೈ ಮುಗಿದ ಚಿತ್ರ ಹಾಕುವರು. ಎಲ್ಲಿತನಕ ಎಂದು ಕೇಳುವವರೇ ಇಲ್ಲ.

ಕಾರಹುಣ್ಣಿಮೆ ಬಂತು. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಓಡಿಸುವ ಹಬ್ಬ. ಜೀವಂತ ಎತ್ತುಗಳಿಗೆ ಇಷ್ಟು ಉಪಚಾರವಾಗುವಾಗ ಕಲ್ಲಿನವನಿಗೇನು ಕಡಿಮೆಯೆಂದು ಊರವರು ಯೋಚಿಸಿದರು. ವರ್ಷ ವರ್ಷವೂ ಹಳ್ಳದ ಹೊಲಸು ನೀರು ದೇವರ ಪಾದಕ್ಕೆ ತಾಗುತ್ತದೆ, ಇದು ಸರಿಯಲ್ಲ ಎಂದು ಊರ ಗೌಡರಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಸಿಮೆಂಟು ಬಂತು, ಶಹಾಬಾದಿ ಕಲ್ಲು ಬಂತು. ಅದೇ ಜಾಗದಲ್ಲಿ ಎರಡೂವರೆ ಅಡಿಯ ಗಟ್ಟಿ ಕಟ್ಟೆ ಕಟ್ಟಿ ಬಸವಣ್ಣನನ್ನು ಅದರ ಮೇಲೆ ನಿಲ್ಲಿಸಿ, ಮೈಗೆಲ್ಲ ಬಿಳಿ ಬಣ್ಣ ಹೊಡೆದರು. ಶಾಲೆಯ ಪರವಾಗಿ ನಾನು ಭಾಷಣ ಮಾಡಿದೆ. ‘ದೇವರನ್ನು ಎತ್ತರದಲ್ಲಿಟ್ಟ ಊರು ತಾನೂ ಎತ್ತರಕ್ಕೇರುತ್ತದೆ’ ಎಂದೆ. ಚಪ್ಪಾಳೆ ಬಿತ್ತು. ಗೋಧಿ ಹುಗ್ಗಿ ಎರಡು ಸಲ ಹಾಕಿಸಿಕೊಂಡೆ. ಫೋಟೋ ತೆಗೆದು ಪುಕಟ ಗುಂಪಿಗೆ ಕಳಿಸಿದೆ. ಮೂವತ್ತು ಜೊತೆ ಮುಗಿದ ಕೈಗಳು ಬಂದವು.

ಇಲ್ಲಿ ಒಂದು ನಿಮಿಷ ಎಂಟನೆಯ ತರಗತಿಯೊಳಗೆ ಬನ್ನಿ. ಪ್ರತಿ ವರ್ಷ ನಾನು ಮಕ್ಕಳಿಗೆ ಒಂದು ಮುರಿದ ಅಳತೆಪಟ್ಟಿ ತೋರಿಸುತ್ತೇನೆ. ಅದರ ಮೊದಲ ಎರಡು ಸೆಂಟಿಮೀಟರು ಇಲ್ಲ. ‘ಇದರಿಂದ ಪೆನ್ಸಿಲು ಅಳೆದರೆ ಏನಾಗುತ್ತದೆ?’ ಎಂದು ಕೇಳುತ್ತೇನೆ. ಸೊನ್ನೆ ಎಲ್ಲಿದೆಯೆಂದು ನೋಡದೆ ಅಳೆಯುವವನು ಮೋಸಹೋಗುತ್ತಾನೆ, ಎಷ್ಟೇ ಎಚ್ಚರಿಕೆಯಿಂದ ಅಳೆದರೂ ಮೋಸಹೋಗುತ್ತಾನೆ ಎಂದು ಬೋರ್ಡಿನ ಮೇಲೆ ಬರೆಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಬರೆಸುತ್ತಿದ್ದೇನೆ. ಹಾಗಿದ್ದೂ, ಮೂರು ತಾಲೂಕಿನ ಜನ ಓದುವ ಒಂದು ಅಳತೆಗೋಲಿನ ಸೊನ್ನೆಯನ್ನು ಎರಡೂವರೆ ಅಡಿ ಮೇಲೆತ್ತುವಾಗ ಎದುರಿಗೆ ಕೂತು ಹುಗ್ಗಿ ತಿಂದೆ. ಊರಿನವರಿಗೆ ಏನೂ ವ್ಯತ್ಯಾಸವಾಗಲಿಲ್ಲ. ಅವರಿಗೆ ಹಳ್ಳವೇ ಗೊತ್ತು. ವ್ಯತ್ಯಾಸವಾಗುವುದು ಹೊರಗಿನಿಂದ ಬರುವವರಿಗೆ. ಅವರು ಇರುವುದು ಕಾಕಾನ ಗುಂಪಿನಲ್ಲಿ. ಆ ಗುಂಪಿನಲ್ಲಿ ನಮ್ಮ ಊರಿನ ದಾರಿಯಿಂದ ಇದ್ದವರು ನಾನು ಮತ್ತು ನನ್ನ ಹಿಂದೆ ಹೊರಬಂದ ಹದಿಮೂರರಲ್ಲಿ ಮೂವರು.

ಆಷಾಢದ ಒಂದು ಮಧ್ಯಾಹ್ನ ನಮ್ಮ ಮೇಲೆ ಬಿಸಿಲಿತ್ತು, ಮೇಲ್ಗಡೆ ಮೋಡ ಹೊಯ್ದಿತ್ತು. ಸಂಜೆ ಶಾಲೆ ಬಿಟ್ಟು, ಬಿಸಿಯೂಟದ ಅಡುಗೆಯ ಶಾಂತಾಬಾಯಿಯ ಜೊತೆ ದಡಕ್ಕೆ ಬಂದರೆ ಹಳ್ಳ ಏರಿ ನಿಂತಿದೆ. ಶಾಂತಾಬಾಯಿ ಅದೇ ಊರಿನವಳು. ನೀರು ನೋಡಿ, ‘ಇವತ್ತ ನಮ್ಮನ್ಯಾಗೇ ರೊಟ್ಟಿ ತಿನ್ರಿ ಅಕ್ಕೋರ, ಇದು ಲಗೂನ ಇಳಿಯೂ ಜಾತಿ ಅಲ್ಲ’ ಎಂದಳು. ಅಷ್ಟರಲ್ಲಿ ಆಚೆ ದಡದಲ್ಲಿ ಒಂದು ಟಂಟಂ ಬಂದು ನಿಂತಿತು. ಚಾಲಕನ ಪಕ್ಕದಿಂದ ಬಿಳಿ ಟೋಪಿಯ ಒಂದು ತಲೆ ಹೊರಗೆ ಬಂತು. ಆ ತಲೆ ಮೊದಲು ಕೈಯಲ್ಲಿದ್ದ ಫೋನು ನೋಡಿತು. ಆಮೇಲೆ ಬಸವಣ್ಣನನ್ನು ನೋಡಿತು. ಆಮೇಲೆ ಮತ್ತೆ ಫೋನು.

ಮೂರು ವರ್ಷ ನಾನೂ ಹಾಗೆಯೇ ನೋಡಿದ್ದೆನಲ್ಲ! ನೀರು ಬಸವಣ್ಣನ ಗೊರಸಿನ ಕೆಳಗೆ ನಾಲ್ಕು ಬೆರಳಷ್ಟಿತ್ತು. ಬೆಳ್ಳಗೆ ಹೊಳೆಯುವ ಒಣ ಪಾದಗಳು. ಹಳೆಯ ಲೆಕ್ಕದಲ್ಲಿ ಸೈಕಲ್ಲೂ ದಾಟಬಹುದು. ಹೊಸ ಲೆಕ್ಕದಲ್ಲಿ ಅದು ಹೊಟ್ಟೆ ದಾಟಿದ ನೀರು.

ಕೂಗಿದೆ. ಶಾಂತಾಬಾಯಿ ಕೂಗಿದಳು. ಹಳ್ಳದ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಿಸಲಿಲ್ಲ. ಕೈ ಬೀಸಿದರೆ ಆ ಟೋಪಿಯವರು ಎಷ್ಟು ಸೌಜನ್ಯದವರೆಂದರೆ, ತಾವೂ ಕೈ ಬೀಸಿದರು. ಅವರ ಕೈಯಲ್ಲಿ ಫೋನಿದೆ, ಗುಂಪು ತೆರೆದಿದೆ, ಒಂದೇ ಒಂದು ಪದ ಅಲ್ಲಿ ಮೂಡಿದರೆ ಸಾಕು. ನಾನು ಗುಂಪು ತೆರೆದೆ. ಬೂದು ಅಕ್ಷರಗಳು. ಮತ್ತೆ ಸೇರಲು ಇಲ್ಲಿ ಒತ್ತಿ. ಒತ್ತಿದೆ. ನಲವತ್ತೊಂಬತ್ತು ರೂಪಾಯಿ. ಜೀವಮಾನದಲ್ಲಿ ಯಾರಿಗೂ ದುಡ್ಡು ಕೊಡಲು ನಾನು ಅಷ್ಟು ಆತುರಪಟ್ಟಿಲ್ಲ. ಬೆವರಿಗೆ ಒದ್ದೆಯಾದ ಹೆಬ್ಬೆರಳನ್ನು ಫೋನು ಗುರುತಿಸಲಿಲ್ಲ. ಗುಪ್ತ ಸಂಖ್ಯೆ ತಪ್ಪಿತು. ಎರಡನೆಯ ಸಲ ಸರಿಯಾಯಿತು, ಆದರೆ ನೆಟ್‌ವರ್ಕು ಹೋಗಿ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಆ ಚಕ್ರ ಇನ್ನೂ ತಿರುಗುತ್ತಿರುವಾಗ ಟಂಟಂನ ಚಕ್ರಗಳು ನೀರಿಗಿಳಿದವು.

‘ಯವ್ವಾ, ಬರಾಕತ್ತಾರಲ್ರಿ ಅಕ್ಕೋರ! ಕಣ್ಣ ಮನ್ಯಾಗ ಇಟ್ಟ ಬಂದಾರೇನು?’ ಎಂದು ಶಾಂತಾಬಾಯಿ ಎದೆ ಎದೆ ಬಡಿದುಕೊಂಡಳು.

ಸೇತುವೆಯ ಮೇಲಿರುವವರೆಗೆ ಟಂಟಂ ಸೊಂಟ ಮುಳುಗಿಸಿಕೊಂಡೂ ಬಂತು. ತಗ್ಗಿಗೆ ಇಳಿದದ್ದೇ ಇಂಜಿನ್ನು ಕೆಮ್ಮಿ ಸತ್ತಿತು. ಹಿಂದಿನ ಚಕ್ರಗಳು ನೆಲ ಬಿಟ್ಟವು. ಇಡೀ ಗಾಡಿ ತೊಟ್ಟಿಲಿನ ಹಾಗೆ ಮೆಲ್ಲಗೆ ಅಡ್ಡ ತಿರುಗಿ, ಹರಿವಿನ ಕಡೆಗೆ ಜಾರತೊಡಗಿತು. ಆಗ ಕೇಳಿಸಿತು ಆ ದನಿ, ನೀರಿನ ಸದ್ದನ್ನೂ ಸೀಳಿಕೊಂಡು: ‘ಹೋಲ್ಡಾನ್! ಹೋಲ್ಡಾನ್!’

ಮುಖ ನೋಡಿರದಿದ್ದರೂ ನನಗೆ ಗೊತ್ತಾಯಿತು. ಹಳ್ಳಕ್ಕೆ ಹೋಲ್ಡಾನ್ ಹೇಳುವ ಮನುಷ್ಯ ಈ ಮೂರು ತಾಲೂಕಿನಲ್ಲಿ ಒಬ್ಬರೇ.

ಹಳ್ಳ ನಿಲ್ಲಲಿಲ್ಲ. ನಿಲ್ಲಿಸಿದ್ದು ಕಟ್ಟೆ. ಹೌದು, ಅದೇ ಕಟ್ಟೆ. ಮೋಸ ಮಾಡಿದ್ದೂ ಅದೇ, ಅಡ್ಡ ನಿಂತದ್ದೂ ಅದೇ. ಧಡ್ಡೆಂದು ಟಂಟಂ ಅದಕ್ಕೆ ಆತುಕೊಂಡು ಓರೆಯಾಗಿ ನಿಂತಿತು. ಕಟ್ಟೆಯಿಲ್ಲದ ಹಳೆಯ ಬಸವಣ್ಣನಾಗಿದ್ದರೆ ಅವನನ್ನೂ ಕರೆದುಕೊಂಡೇ ಹೋಗುತ್ತಿತ್ತೇನೋ. ಚಾಲಕ ಮಹಿಬೂಬ ಎಳೆಯ ಕೈಕಾಲಿನವನು, ಗಾಡಿಯ ಮೇಲಿನ ಟಪ್ಪಿಗೆ ಏರಿದ. ಕಾಕಾ ಅವನ ಕತ್ತನ್ನು ತಬ್ಬಿ ಹಿಡಿದಿದ್ದರು. ‘ಕಾಕಾ, ಬಸವಣ್ಣನ ಕೊಳ್ಳ ಹಿಡೀರಿ, ನನ್ನ ಕೊಳ್ಳ ಬಿಡ್ರಿ, ಉಸರ ಸಿಗವಲ್ದು!’ ಎಂದು ಅವನು ಒದರುತ್ತಿದ್ದ. ಹೇಗೋ ನೂಕಿ, ಎತ್ತಿ, ಅರವತ್ತು ದಾಟಿದ ಆ ಮನುಷ್ಯನನ್ನು ಬಸವಣ್ಣನ ಬೆನ್ನಿನ ಮೇಲೆ ಕೂರಿಸಿದ.

ಅಷ್ಟು ಹೊತ್ತಿಗೆ ಅರ್ಧ ಊರು ದಡದಲ್ಲಿತ್ತು. ಜೀವ ಉಳಿಯಿತೆಂಬ ಸಮಾಧಾನ ಒಂದು ಗಳಿಗೆ. ಮರುಗಳಿಗೆ ಗೌಡರ ಮನೆಯ ಅಜ್ಜಿ ಬೊಬ್ಬೆ ಹಾಕಿದಳು: ‘ಚಪ್ಪಲ್ ಬಿಡೋ ಯಪ್ಪಾ! ದೇವ್ರ ಮ್ಯಾಲ ಚಪ್ಪಲ್ ಹಾಕ್ಕೊಂಡು ಏರ್ತಾರೇನು?’

ಬಸವಣ್ಣನ ಮೇಲಿನಿಂದ ಉತ್ತರ ಬಂತು. ‘ಚಪ್ಪಲ್ ಆಗಲೇ ಹ್ವಾದ್ವು ಯವ್ವಾ! ನಾ ಹೋಗೂದೊಂದ ಬಾಕಿ ಅದ!’

ಯಾರೋ ನಕ್ಕರು. ನಾನು ನಗಲಿಲ್ಲ. ನನ್ನ ಕಣ್ಣು ಕಟ್ಟೆಯ ಮೇಲಿತ್ತು. ಮೊನ್ನೆ ಮೊನ್ನೆ ಹಾಕಿದ ಸಿಮೆಂಟು. ಎಷ್ಟು ದಿನ ನೀರು ಉಣಿಸಿದ್ದರೋ, ಉಸುಕು ಎಷ್ಟು ಬೆರೆಸಿದ್ದರೋ. ಅದು ಬಿರುಕು ಬಿಟ್ಟರೆ ಎಂದು ನೋಡುತ್ತಾ ನಿಂತೆ. ಟ್ರ್ಯಾಕ್ಟರ್ ಬಂದು, ಹಗ್ಗ ಬಂದು, ಇಬ್ಬರನ್ನೂ ದಡಕ್ಕೆ ತರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಆಮೇಲೆ ನನ್ನಲ್ಲಿ ಎಷ್ಟು ವಾರ ನಡೆಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಶಾಂತಾಬಾಯಿಯ ಮನೆಯಲ್ಲಿ ಕೌದಿ ಹೊದ್ದು, ಬಿಸಿ ಚಹಾದ ಬಸಿಯನ್ನು ಎರಡು ಕೈಯಲ್ಲಿ ಹಿಡಿದು ಕಾಕಾ ಮೊದಲು ಕೇಳಿದ್ದು: ‘ಇಲ್ಲೆ ಸಾಲ್ಯಾಗ ಭಾಗ್ಯಶ್ರೀ ಅಕ್ಕೋರು ಅಂತ ಅದಾರಲ್ಲ, ಎಲ್ಲಿ ಸಿಗ್ತಾರ್ರಿ? ಅವರನ್ನ ನೋಡಾಕ ಬಂದೇನಿ.’

‘ನಾನೇರಿ ಕಾಕಾ’ ಎಂದೆ.

ಅವರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಕನ್ನಡಕವೂ ಚಪ್ಪಲಿಯ ದಾರಿ ಹಿಡಿದಿತ್ತು. ‘ಹೌದ್ರಿ? ಪತ್ರ ಓದಿ ನಾ ಇನ್ನೂ ಎತ್ತರದ ಮಂದಿ ಅಂತ ಮಾಡಿದ್ದೆ’ ಎಂದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ‘ನೋಡ್ರಿ ಅಕ್ಕೋರ, ಮಂದಿ ಬಸ್ಸಿನಿಂದ ಇಳದ್ರ ನನಗ ಬ್ಯಾಸರಿಲ್ಲ. ಮೂವತ್ತ ವರ್ಷ ಇಳಿಸೋದ ನನ್ನ ಕೆಲಸ. ಆದ್ರ ಮಳಿಗಾಲ ಹತ್ತಿ ತಿಂಗಳಾತು, ನಿಮ್ಮ ಸ್ಟಾಪಿನಿಂದ ಒಂದ ಸುದ್ದಿ ಇಲ್ಲ. ನೀವಿಲ್ಲಂದ್ರ ಮತ್ಯಾರು ಹೇಳ್ತಾರಂತ ಕೇಳಾಕ ಬಂದೆ. ಫೋನ್ ನಂಬರ ಆ ಆಪಿನ್ಯಾಗ ಕಾಣಂಗಿಲ್ಲ, ಅದಕ್ಕ ಖುದ್ದ ಬಂದೆ.’

ಸ್ವಲ್ಪ ಹೊತ್ತು ಚಹಾ ಊದಿದರು. ಆಮೇಲೆ ಅವರ ಚಟ ಶುರುವಾಯಿತು.

‘ಆ ಕಟ್ಟಿ ಯಾವಾಗ ಆತ್ರಿ?’

‘ಕಾರಹುಣ್ಣಿಮಿಗೆ.’

‘ಎತ್ತರ?’

‘ಎರಡೂವರಿ ಅಡಿ.’

‘ನಿಮಗ ಗೊತ್ತಿತ್ತು?’

‘ಗೊತ್ತಿತ್ತ್ರಿ’ ಎಂದೆ. ಇನ್ನು ಮುಚ್ಚಿಡುವುದೇನೆಂದು, ‘ಭಾಷಣಾನೂ ಮಾಡೀನಿ’ ಎಂದೂ ಸೇರಿಸಿದೆ.

ಕಾಕಾ ನಗಲು ಶುರುಮಾಡಿದರು. ನಕ್ಕು ನಕ್ಕು ಬಸಿಯೊಳಗಿನ ಚಹಾ ಕೌದಿಗೆ ಚೆಲ್ಲಿತು. ‘ಒಂದ ತಾಸಿನ ಹಿಂದ ಈ ಹಾದೀಲೆ ಹ್ವಾದ ಯಾವನೋ ಹೊರಗಿನಂವ, ಪಾದ ಒಣಾ ಅದಾವ ಅಂತ ಹಾಕಿದ್ದ. ನಾನೇ ರೈಟ್ ಅಂದೆ. ನನ್ನ ರೈಟಿಗೆ ನಾನೇ ಹತ್ತಿ ಬಂದೆ ನೋಡ್ರಿ!’ ಎಂದರು. ಆಮೇಲೆ ನಗು ನಿಂತು, ಮೆಲ್ಲಗೆ, ‘ನಾ ಹ್ವಾದ್ರ ಹೋಗ್ಲಿ. ಆ ಮಹಿಬೂಬಗ ಎರಡು ಸಣ್ಣ ಕೂಸ ಅದಾವ್ರಿ’ ಎಂದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಟಂಟಂ ಅಡ್ಡ ತಿರುಗುತ್ತದೆ, ತೊಟ್ಟಿಲಿನ ಹಾಗೆ, ಮೆಲ್ಲಗೆ. ನನ್ನ ತಲೆಯೊಳಗಿನ ಹಳ್ಳದಲ್ಲಿ ಕಟ್ಟೆ ಮಾತ್ರ ಇರುವುದಿಲ್ಲ. ಮೋಡ ಗುಡುಗಿದರೆ ಎದ್ದು ಕೂರುತ್ತಿದ್ದೆ, ಹನಿ ಬಿದ್ದರೆ ಫೋನು ಹಿಡಿಯುತ್ತಿದ್ದೆ. ಪರಿಹಾರಗಳಿಗೇನೂ ಕೊರತೆಯಾಗಲಿಲ್ಲ. ಪುಕಟ ಗುಂಪಿನಲ್ಲಿ ಕೇಳಿದರೆ ಗಸಗಸೆ, ಜಾಯಿಕಾಯಿ, ಎಮ್ಮೆಯ ಹಾಲು, ಅಂಗಾಲಿಗೆ ಎಣ್ಣೆ ಎಲ್ಲ ಹೇಳಿದರು. ಎಲ್ಲವನ್ನೂ ಮಾಡಿದೆ. ಎಣ್ಣೆ ಹಚ್ಚಿದ ಅಂಗಾಲಿನಲ್ಲಿ ಬಚ್ಚಲ ಕಡೆ ಹೋಗುವಾಗ ಜಾರಿದ್ದೊಂದೇ ಲಾಭ.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ನಲವತ್ತೊಂಬತ್ತು ರೂಪಾಯಿ ಬಿಸಾಕಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ನನ್ನ ಗಂಡ ಇದನ್ನು ಕೇಳಿದರು, ನನ್ನ ಮನಸ್ಸು ನೂರು ಸಲ ಕೇಳಿತು. ಕೊಡಬೇಕಿತ್ತೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಹಾಲು ಹಾಕುವವನು, ಟಂಟಂನವನು ಸೇರಿ ಕೂಡಿಸಿದ ಸುದ್ದಿಯನ್ನು ಅವರಿಗೇ ತಿಂಗಳ ಬಾಡಿಗೆಗೆ ಕೊಡುವುದು ನ್ಯಾಯವಲ್ಲ. ಹೊರಬಂದದ್ದರಲ್ಲಿ ತಪ್ಪಿರಲಿಲ್ಲ. ಬಂದ ರೀತಿಯಲ್ಲಿತ್ತು. ಅಷ್ಟುದ್ದದ ಪತ್ರದಲ್ಲಿ ನನ್ನ ಸಿದ್ಧಾಂತವೆಲ್ಲ ಇತ್ತು, ಒಂದು ಫೋನ್ ನಂಬರು ಇರಲಿಲ್ಲ. ‘ಇನ್ನು ಮುಂದೆ ಹಳ್ಳದ ಸುದ್ದಿಗೆ ಶಾಂತಾಬಾಯಿಯನ್ನು ಕೇಳಿ’ ಎಂಬ ಒಂದು ಸಾಲು ಇರಲಿಲ್ಲ. ಚಾಪೆಯಿಂದ ಎದ್ದವಳು ಹೊಸ್ತಿಲಲ್ಲಿ ಹತ್ತು ನಿಮಿಷ ನಿಂತಿದ್ದರೆ ಕಾಕಾ ಖಂಡಿತ ಕೇಳಿರುತ್ತಿದ್ದರು, ಅವರ ಆ ಮೇಲಿನ ಪ್ರಶ್ನೆಯನ್ನು: ‘ಮತ್ಯಾರು ಹೇಳ್ತಾರ?’

ಹದಿನೈದು ದಿನ ಕಳೆದು ಒಣ ಬಿಸಿಲಿನಲ್ಲಿ, ಈ ಸಲ ಬಸ್ಸಿನಲ್ಲಿ, ಹೊಸ ಚಪ್ಪಲಿ ಮೆಟ್ಟಿ ಕಾಕಾ ಮತ್ತೆ ಬಂದರು. ಕೈಯಲ್ಲಿ ಎರಡು ಡಬ್ಬಿ ಬಣ್ಣ. ಕಟ್ಟೆಯ ಮೇಲೆ ಗೆರೆ ಹೊಡೆಯಬೇಕೆಂದರು. ಗೌಡರಿಗೆ ಸರಿಬರಲಿಲ್ಲ. ‘ದೇವರ ಕಟ್ಟಿ ಮ್ಯಾಲ ಸರಕಾರಿ ಗೆರಿ ಹೊಡೀತೀರೇನು?’ ಎಂದರು. ಸಭೆ ಕೂಡುವ ಮಟ್ಟಕ್ಕೆ ಹೋಯಿತು. ಶಾಂತಾಬಾಯಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿ, ‘ಗೌಡ್ರ, ಒಂದು ಹಳದಿ ಅದ, ಒಂದು ಕೆಂಪು ಅದ. ಸರಕಾರಿ ಯಾಕಂತೀರಿ, ಅರಿಶಿಣ ಕುಂಕುಮ ಅನ್ರಿ’ ಎಂದಳು. ಗೌಡರು ಒಂದು ನಿಮಿಷ ಯೋಚಿಸಿ, ತಾವೇ ತೆಂಗಿನಕಾಯಿ ತರಿಸಿದರು.

ಗೆರೆ ಎಲ್ಲಿ ಬರಬೇಕೆಂದು ಅಳೆದವರು ನನ್ನ ಎಂಟನೆಯ ತರಗತಿಯ ಮಕ್ಕಳು. ಹಳೆಯ ಮೊಣಕಾಲಿನ ಮಟ್ಟಕ್ಕೆ ಹಳದಿ, ಹಳೆಯ ಹೊಟ್ಟೆಯ ಮಟ್ಟಕ್ಕೆ ಕೆಂಪು. ಹಳದಿ ಮುಳುಗಿದರೆ ಟಂಟಂ ನಿಲ್ಲಬೇಕು, ಕೆಂಪು ಮುಳುಗಿದರೆ ಎಲ್ಲರೂ. ಓದಲು ಬಾರದವರಿಗೂ ಗೊತ್ತಾಗುತ್ತದೆ, ಸದಸ್ಯರಲ್ಲದವರಿಗೂ. ಅಳೆಯುವ ಮೊದಲು ಒಬ್ಬಳು ಹುಡುಗಿ ಟೇಪಿನ ತುದಿ ಹಿಡಿದು, ‘ಟೀಚರ್, ಸೊನ್ನಿ ಕಟ್ಟಿ ಮ್ಯಾಲಿಂದ ಹಿಡೀಲೇನ್ರಿ, ರಸ್ತೆಯಿಂದ ಹಿಡೀಲೇನ್ರಿ?’ ಎಂದು ಕೇಳಿದಳು. ಕಾಕಾ ನನ್ನ ಕಡೆ ನೋಡಿದರು. ನಾನು ಬಸವಣ್ಣನ ಕಡೆ ನೋಡಿದೆ.

ತಿಂಗಳು ಮುಗಿದ ಮೇಲೆ ಕಾಕಾ ತಾವೂ ಆ ಆಪ್‌ನಿಂದ ಇಳಿದರು. ಇಳಿಯುವ ಮೊದಲು ಎಂಟು ದಿನ ಹೊಸ್ತಿಲಲ್ಲಿ ನಿಂತು, ಇದ್ದವರ, ಹೋದವರ, ಎಲ್ಲರ ನಂಬರುಗಳನ್ನು ಕೇಳಿ ಕೇಳಿ ಒಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಬಸ್ಸಿನ ಸ್ಟೇಜುಗಳ ಹಾಗೆ ಹಳ್ಳಗಳ ಸಾಲು, ಪ್ರತಿ ಹಳ್ಳಕ್ಕೆ ಎರಡು ಹೆಸರು. ನಮ್ಮ ಹಳ್ಳಕ್ಕೆ ನಾನು ಮತ್ತು ಶಾಂತಾಬಾಯಿ. ಈಗ ಮೋಡ ಕಂಡರೆ ಕಾಕಾ ಒಂದೊಂದೇ ನಂಬರು ಒತ್ತುತ್ತಾ ಬರುತ್ತಾರೆ. ‘ಎಲ್ಲಿತನಕ?’

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಆಗಲೇ ಬಿಸಿಲು. ಅಂಗಳದ ತುಂಬ ನೀರು, ನುಗ್ಗೆಯ ಟೊಂಗೆ ಮುರಿದು ಬಿದ್ದಿದೆ. ರಾತ್ರಿಯಿಡೀ ಮಳೆ ಹೊಯ್ದಿದ್ದು ನನಗೆ ಗೊತ್ತೇ ಇಲ್ಲ! ಫೋನು ನೋಡಿದರೆ ಕಾಕಾ ಐದು ಸಲ ಕರೆದಿದ್ದಾರೆ. ಮುಖವನ್ನೂ ತೊಳೆಯದೆ ಫೋನು ಹಚ್ಚಿದೆ.

‘ನೀವು ಎತ್ತಲಿಲ್ಲ, ಶಾಂತಾಬಾಯಿ ಎತ್ತಿದಳು’ ಎಂದರು ಕಾಕಾ, ಸಾವಕಾಶವಾಗಿ. ‘ಕೆಂಪು ಮುಟ್ಟಿ ಇಳದದಂತ. ಯಾರೂ ನೀರಿಗೆ ಇಳಿದಿಲ್ಲ. ಎರಡೂ ದಂಡ್ಯಾಗ ಗಾಡಿ ನಿಂದರಿಸಿಕೊಂಡು ಚಹಾ ಕುಡಿಯಾಕತ್ತಾರಂತ. ಮತ್ತ ನಿಮಗೇನಾಗಿತ್ರಿ ಅಕ್ಕೋರ?’

‘ಏನಿಲ್ಲ ಕಾಕಾ. ನಿದ್ದಿ ಹತ್ತಿತ್ತು.’

ಇದರ ಮೇಲೊಂದು ಪ್ರಶ್ನೆ ಬರುತ್ತದೆಂದು ಕಾದೆ. ಬರಲಿಲ್ಲ.

‘ರೈಟ್’ ಎಂದರು.